ಪಾಲಣ್ಣನ ಮೈಕಿಗೆ ಮಗಳು ಬರೆದ ಪ್ರಕಟಣೆ

ಪಾಲಣ್ಣನನ್ನು ನೋಡದವರು ನಮ್ಮ ಊರಲ್ಲಿ ಇರಬಹುದು, ಕೇಳದವರಿಲ್ಲ. ಆಟೋದ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಸಾರುವುದು ಅವನ ಕೆಲಸ. ರೇಷನ್ ಬಂದಿದೆ, ದನಕ್ಕೆ ಸೂಜಿ ಹಾಕುತ್ತಾರೆ, ನಾಳೆ ಕರೆಂಟ್ ಇಲ್ಲ. ಸಂತೇಬೆನ್ನೂರು ಸಂತೆಯ ಗದ್ದಲದಲ್ಲೂ ಅವನ ದನಿ ಬೇರೆಯಾಗಿ ಕೇಳುತ್ತದೆ.

ಆ ಆಟೋ ಓಡಿಸುತ್ತಿದ್ದವರು ನಮ್ಮ ಯಜಮಾನರು. ಅವರು ತೀರಿಹೋದ ಮೇಲೆ ಪಾಲಣ್ಣ ಬೇರೆ ಡ್ರೈವರ್ ಇಟ್ಟುಕೊಳ್ಳಲಿಲ್ಲ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕ್. ಬೀಳುತ್ತೀಯ ಅಂದೆ.

"ಅಣ್ಣನ ಸೀಟಲ್ಲಿ ಇನ್ನೊಬ್ಬ ಕೂತರೆ ನನಗೆ ಮಾತೇ ಬರಂಗಿಲ್ಲ ಅತ್ತಿಗೆ" ಅಂದ.

ಪಾಲಣ್ಣ ಐದನೇ ತರಗತಿಗೇ ಶಾಲೆ ಬಿಟ್ಟವನು. ತಡವರಿಸಿ ಓದುತ್ತಾನೆ, ಬರೆಯುವುದು ಸಹಿ ಮಾತ್ರ. ಸಾರುವುದನ್ನೆಲ್ಲ ಬಾಯಲ್ಲೇ ಕಟ್ಟುತ್ತಾನೆ. ಮಗಳು ಕಾವ್ಯಶ್ರೀ ಏಳನೇ ತರಗತಿ, ನನ್ನ ಮಗ ಶರಣುವಿನ ಜೊತೆ. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅವಳ ನೋಟ್‌ಬುಕ್ಕನ್ನು ಪಾಲಣ್ಣ ಬಸ್ ಕಂಡಕ್ಟರಿಗೂ ತೋರಿಸಿದ್ದಾನೆ.

ಹೋದ ಮಳೆಗಾಲದಲ್ಲಿ ಅವನ ಗಂಟಲು ಪೂರ್ತಿ ಕಟ್ಟಿತು. ಅವತ್ತೇ ಎದುರುಮನೆ ಕಲ್ಲಮ್ಮಜ್ಜಿಯ ಮೇಕೆ ಕಳೆಯಿತು. ಮೇಕೆ ಹೇಗಿದೆ ಅಂತ ಕೇಳಿ ಬರಿ, ಶರಣು ಮೈಕಲ್ಲಿ ಓದುತ್ತಾನೆ ಅಂತ ಮಗಳಿಗೆ ಪಿಸುಗುಟ್ಟಿದ. ಹುಡುಗಿ ಪೆನ್ನು ಹಿಡಿದು ಕೂತಳು. ಕೂತೇ ಇದ್ದಳು.

"ಅಪ್ಪ, ಇದು ಯಾವ ಪಾಠದಾಗೆ ಐತೆ?"

"ಪಾಠ ಯಾಕೆ? ಮೇಕೆ ಕಣೇ."

"ಮಿಸ್ ಬೋರ್ಡ್ ಮೇಲೆ ಬರೆದರೆ ಬರಕೋತೀನಿ. ಇಲ್ಲಾಂದ್ರೆ ಹೆಂಗೆ ಬರೀಲಿ?"

"ನಿನ್ನ ಬೋರ್ಡು ಬರೋತನಕ ನನ್ನ ಮೇಕೆ ಯಾರದೋ ಸಾರಿನಾಗೆ ಇರ್ತದೆ" ಅಂದಳು ಕಲ್ಲಮ್ಮಜ್ಜಿ.

ಮೇಕೆ ಸಂಜೆ ತಾನೇ ಬಂತು. ಪಾಲಣ್ಣನ ಚಿಂತೆ ಹೋಗಲಿಲ್ಲ.

"ನನ್ನಂಗೇ ಆಗ್ತಾಳೆ ಅತ್ತಿಗೆ. ಬಾಯಾಗೆ ಅಷ್ಟು ಮಾತೈತೆ, ಕೈಯಾಗೆ ಒಂದೂ ಇಲ್ಲ. ಬರೋ ಜೂನಿಗೆ ಹೈಸ್ಕೂಲು. ಇಲ್ಲಿ ಕಲೀಲಿಲ್ಲಾಂದ್ರೆ ಅಲ್ಲಿ ಯಾರು ಕಲಿಸ್ತಾರೆ?"

ಶರಣುವಿನ ಪುಸ್ತಕ ತೆಗೆದು ನೋಡಿದೆ. ಬಿಟ್ಟ ಸ್ಥಳ ತುಂಬಿದ್ದ, ಹೊಂದಿಸಿ ಬರೆದಿದ್ದ, ಗೈಡ್ ನೋಡಿ ಉತ್ತರ ಇಳಿಸಿದ್ದ. ಅವನದೇ ಅನ್ನುವ ಒಂದು ಸಾಲಿಲ್ಲ.

ಏಳನೇ ತರಗತಿಯ ತಂದೆತಾಯಂದಿರನ್ನೆಲ್ಲ ಪಾಲಣ್ಣ ಶಾಲೆಗೆ ಕರೆದುಕೊಂಡು ಹೋದ. ಮೊಮ್ಮಗನ ಸಲುವಾಗಿ ಕಲ್ಲಮ್ಮಜ್ಜಿಯೂ ಬಂದಳು. ಹೆಡ್ ಮಾಸ್ಟರು ಪೂರ್ತಿ ಕೇಳಿದರು. "ಬರವಣಿಗೆಯಲ್ಲಿ ಕೊಡಿ, ನೋಡೋಣ" ಅಂದರು.

ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದೆವು, ಅರ್ಜಿ ಬರೆಯಲು ಯಾರಿಗೂ ಬಾರದು. ಕೊನೆಗೆ ಶರಣುವನ್ನು ಕೂರಿಸಿದೆವು. ಅವನು ಬೇಗ ಬರೆದ. ಯಾರೂ ಓದಲಿಲ್ಲ. ಎಲ್ಲರೂ ಸಹಿ ಹಾಕಿದೆವು, ಕಲ್ಲಮ್ಮಜ್ಜಿ ಹೆಬ್ಬೆಟ್ಟು ಒತ್ತಿದಳು.

ಕನ್ನಡದ ಪ್ರೇಮಲತಾ ಮಿಸ್ ಅದನ್ನು ಗಟ್ಟಿಯಾಗಿ ಓದಿದರು. "ಮಾನ್ಯರೇ, ನಮ್ಮ ಮಕ್ಕಳಿಗೆ ಸ್ವಂತವಾಗಿ ಬರೆಯಲು ಬಾರದೆ ಇರುವುದರಿಂದ ದಯಮಾಡಿ ಎರಡು ದಿನ ರಜೆ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ. ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿ."

ಶರಣುವಿಗೆ ಬರುತ್ತಿದ್ದದ್ದು ಒಂದೇ ಪತ್ರ, ರಜಾ ಅರ್ಜಿ.

"ನನಗೂ ರಜೆ ಐತೇನ್ರಿ ಮಿಸ್? ಹೆಬ್ಬೆಟ್ಟು ಒತ್ತೀನಿ" ಅಂದಳು ಕಲ್ಲಮ್ಮಜ್ಜಿ. ಹೆಡ್ ಮಾಸ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಇದಕ್ಕಿಂತ ಬೇರೆ ಪುರಾವೆ ಬೇಡ ಅಂದರು.

"ವರ್ಕ್‌ಬುಕ್ ತುಂಬಿಸೋದ್ರಲ್ಲೇ ವರ್ಷ ಮುಗಿಯುತ್ತೆ" ಅಂದರು ಮಿಸ್. "ಶನಿವಾರ ಒಂದು ಪೀರಿಯಡ್ ಬರೆಸ್ತೀನಿ. ಆದರೆ ನನಗೆ ಅಂತ ಬರೆದರೆ ಮತ್ತೆ ಉತ್ತರನೇ ಬರೀತಾರೆ."

"ನನಗೆ ಬರೀಲಿ ಬಿಡ್ರಿ" ಅಂದ ಪಾಲಣ್ಣ. "ಮೈಕ್‌ನಾಗೆ ಓದ್ತೀನಿ."

ಮೊದಲ ಶನಿವಾರ ಎಲ್ಲರೂ ಹಸು ಸಾಧು ಪ್ರಾಣಿ ಅಂತ ಬರೆದರು. ಪಾಲಣ್ಣ ಹಾಳೆಗಳ ಕಟ್ಟನ್ನು ಶಾಲೆಗೆ ವಾಪಸ್ ಒಯ್ದ. "ಇದನ್ನ ಸಾರಿದರೆ ಜನ ಕಲ್ಲು ತಗೋತಾರೆ. ಊರಿಗೆ ಗೊತ್ತಿಲ್ಲದ್ದು ಬರೀರಪ್ಪ."

ಆಮೇಲೆ ಒಂದೊಂದೇ ಬಂದವು. ಮೋರಿಯ ಕೆಳಗೆ ಕಣಜದ ಹುಳುವಿನ ಗೂಡಿದೆ ಅಂತ ಶರಣು ಬರೆದ. ಊರು ಆ ದಾರಿ ಬಿಟ್ಟು ನಡೆಯಿತು, ಮಗ ಎದೆಯುಬ್ಬಿಸಿ ನಡೆದ. ಕಾವ್ಯಶ್ರೀ ಮಾತ್ರ ಖಾಲಿ ಹಾಳೆ ಕೊಡುತ್ತಿದ್ದಳು. ಪಾಲಣ್ಣ ಅವಳನ್ನು ಬೈಯಲಿಲ್ಲ. ನಮ್ಮ ಜಗುಲಿಗೆ ಬಂದು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಅವಳು ಮಡಚಿದ ಹಾಳೆ ಕೊಟ್ಟಳು. ಪಾಲಣ್ಣ ಮೊದಲೇ ಓದಿ ನೋಡಲಿಲ್ಲ. ನಮ್ಮ ಬೀದಿಯಲ್ಲಿ ಆಟೋ ನಿಲ್ಲಿಸಿ ಮೈಕ್ ಹಾಕಿದ.

"ಮಹಾಜನರಲ್ಲಿ ವಿನಂತಿ. ನಮ್ಮ ಅಪ್ಪ ನಿದ್ದೆಯಲ್ಲೂ ಪ್ರಕಟಣೆ ಮಾಡುತ್ತಾರೆ."

ಓದು ನಿಲ್ಲಿಸಿ ಮಗಳ ಕಡೆ ನೋಡಿದ. ಅವಳು ನಮ್ಮ ಜಗುಲಿಯ ಕಂಬದ ಹಿಂದೆ ಸರಿದಳು. ಅವನು ಮುಂದೆ ಓದಿದ.

"ಮೊನ್ನೆ ರಾತ್ರಿ ನಲ್ಲಿ ನೀರು ಬರುತ್ತದೆ ಎಂದರು. ಅಮ್ಮ ಎದ್ದು ಕೊಡ ಇಟ್ಟುಕೊಂಡು ಕೂತರು. ನೀರು ಬರಲಿಲ್ಲ. ಗೊರಕೆ ಬಂತು. ಆದ್ದರಿಂದ ನಮ್ಮ ಅಪ್ಪ ಹಗಲು ಹೇಳಿದ್ದನ್ನು ಮಾತ್ರ ನಂಬಿರಿ."

ಬೀದಿಗೆ ಬೀದಿಯೇ ನಕ್ಕಿತು. ನಮ್ಮ ಯಜಮಾನರು ಇದ್ದಿದ್ದರೆ ಹಾರ್ನ್ ಒತ್ತಿ ಒತ್ತಿ ನಗುತ್ತಿದ್ದರು. ಅವರ ಪಾಲಿನದ್ದನ್ನೂ ನಾನೇ ನಕ್ಕೆ.

"ಖರೇನೇನೋ ಪಾಲ?" ಅಂದಳು ಕಲ್ಲಮ್ಮಜ್ಜಿ.

"ಬರೆದವಳನ್ನ ಕೇಳ್ರಿ ಅಜ್ಜಿ. ನಾನು ಮಲಗಿದ್ದೆ."

ಮತ್ತೆ ಮೈಕ್ ಬಾಯಿಗೆ ತಂದ. "ಬರೆದವರು, ಪಿ. ಕಾವ್ಯಶ್ರೀ, ಏಳನೇ ತರಗತಿ" ಅಂತ ಎರಡು ಸಲ ಹೇಳಿದ. ಆಟೋ ತಿರುಗಿಸಿ ಮುಂದಿನ ಬೀದಿಗೆ ಹೋಗಿ ಅದನ್ನೇ ಮೊದಲಿನಿಂದ ಓದಿದ.