ನಾಲ್ಕನೇ ನಿಮಿಷಕ್ಕೆ ಜಾರುವ ಬಾಲ

ನಮ್ಮ ಮೈದಾನದಲ್ಲಿ ಇದ್ದದ್ದು ಒಂದೇ ಹೆಲಿಕಾಪ್ಟರು, ಅದೂ ಗಂಡ ಹೆಂಡತಿ ಇಬ್ಬರಿಗೂ ಸೇರಿ. ಉಳಿದವರದ್ದೆಲ್ಲ ವಿಮಾನ. ಮೈದಾನ ಅಂದರೆ ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಸಿಮೆಂಟಿನ ಅಂಗಳ. ಭಾನುವಾರ ಬೆಳಿಗ್ಗೆ ಏಳೆಂಟು ಜನ ಬೆಳೆದು ನಿಂತವರು ಅಲ್ಲಿ ಸೇರಿ, ರಿಮೋಟ್ ಹಿಡಿದು ಆಟಿಕೆ ಹಾರಿಸುತ್ತೇವೆ. ಆಟಿಕೆ ಅಂದರೆ ಲಿಫ್ಟಣ್ಣನಿಗೆ ಸಿಟ್ಟು ಬರುತ್ತಿತ್ತು.

ಲಿಫ್ಟಣ್ಣ ಎಂಬುದು ನಾವಿಟ್ಟ ಹೆಸರು. ಮೂವತ್ತು ವರ್ಷದಿಂದ ಲಿಫ್ಟ್ ರಿಪೇರಿ ಅವರ ಕಸುಬು. ದೂರು ಕೊಡುವವರ ಮಾತು ನಂಬಬಾರದು ಎಂಬುದು ಅವರ ಸಿದ್ಧಾಂತ. "ಲಿಫ್ಟ್ ಜಗ್ಗುತ್ತೆ ಅಂತಾರೆ ಮೇಷ್ಟ್ರೇ. ಹೋಗಿ ನೋಡಿದ್ರೆ ನೆಟ್ಟಗಿರುತ್ತೆ. ಜನ ಏನು ಬೇಕಾದ್ರೂ ಹೇಳ್ತಾರೆ, ಯಂತ್ರ ಸುಳ್ಳು ಹೇಳಲ್ಲ" ಎಂದು ನನಗೆ ಎಷ್ಟೋ ಸಲ ಪಾಠ ಮಾಡಿದ್ದಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಕೆಲಸದಲ್ಲಿ ಮಾತ್ರ ಬೆರಳು ತೋರಿಸುವಂತಿರಲಿಲ್ಲ.

ಹೆಲಿಕಾಪ್ಟರನ್ನು ಜೋಡಿಸುವುದು ಅವರು, ಹಾರಿಸುವುದು ಅವರ ಹೆಂಡತಿ. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದ ಆಕೆಯನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಆ ಕೈಯ ನಿಧಾನ ನಮ್ಮ ಯಾರಿಗೂ ಇರಲಿಲ್ಲ. ಹೆಲಿಕಾಪ್ಟರಿನ ಕಷ್ಟವೆಲ್ಲ ಬಾಲದಲ್ಲಿದೆ. ಮೇಲಿನ ದೊಡ್ಡ ರೆಕ್ಕೆ ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆದು ನಿಲ್ಲಿಸುವುದು ಬಾಲದ ತುದಿಯ ಪುಟ್ಟ ರೆಕ್ಕೆ. ಅದು ಎಷ್ಟು ಓರೆಯಾಗಬೇಕೆಂದು ಕ್ಷಣಕ್ಷಣಕ್ಕೂ ಹೇಳುವುದು ಗೈರೋ ಎಂಬ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪೆಟ್ಟಿಗೆ. ಗೈರೋ ಕೈಕೊಟ್ಟರೆ ಹಾರಿಸುವವರ ಎಡಗೈ ಹೆಬ್ಬೆರಳೇ ಆ ಕೆಲಸ ಮಾಡಬೇಕು.

ಹೋದ ವರ್ಷ ಒಂದು ಭಾನುವಾರ ಆಕೆ ಹಾರಿಸುತ್ತಿದ್ದಾಗ ಹೆಲಿಕಾಪ್ಟರು ಗಿರಕಿ ಹೊಡೆದು ನೆಲಕ್ಕೆ ಬಿತ್ತು. "ರೀ, ನಾಲ್ಕು ನಿಮಿಷ ಆದ್ಮೇಲೆ ಬಾಲ ಎಡಕ್ಕೆ ಜಾರುತ್ತೆ. ಎಷ್ಟು ದಿನದಿಂದ ಹೇಳ್ತಿದೀನಿ" ಎಂದರು ಆಕೆ. ಲಿಫ್ಟಣ್ಣ ಮುರಿದ ರೆಕ್ಕೆ ಎತ್ತಿಕೊಳ್ಳುತ್ತಾ, ನಮಗೆಲ್ಲ ಕೇಳಿಸುವಂತೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಾಲ ಸರಿಯಾಗೇ ಇದೆ, ನಿನ್ನ ಹೆಬ್ಬೆರಳು ನೋಡ್ಕೋ" ಎಂದರು. ನಾವು ನಕ್ಕೆವು. ನಾನೂ ನಕ್ಕೆ. ಆಕೆ ರಿಮೋಟನ್ನು ಮಡಚುವ ಮೇಜಿನ ಮೇಲಿಟ್ಟರು. ಆಮೇಲೂ ಪ್ರತಿ ವಾರ ಬರುತ್ತಿದ್ದರು, ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು, ರಿಮೋಟ್ ಮಾತ್ರ ಮುಟ್ಟಲಿಲ್ಲ.

ಐದು ತಿಂಗಳ ನಂತರ ಮಿದುಳಿನಲ್ಲಿ ರಕ್ತ ಒಸರಿ ಆಕೆ ತೀರಿಕೊಂಡರು. ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಮಾತು ಕೇಳಿದ್ದರಂತೆ: ಈ ಮೊದಲು ಯಾವತ್ತಾದರೂ ಕೈ ಬಲ ಕಡಿಮೆಯಾಗಿತ್ತಾ? ಬೆರಳು ಹೇಳಿದ ಮಾತು ಕೇಳದೆ ಇತ್ತಾ?

ಆ ಪ್ರಶ್ನೆ ಲಿಫ್ಟಣ್ಣನನ್ನು ಹಿಡಿದುಕೊಂಡಿತು. ನಾನು ನೋಡಲು ಹೋದಾಗ ಊಟದ ಮೇಜಿನ ತುಂಬ ಹೆಲಿಕಾಪ್ಟರಿನ ಭಾಗಗಳಿದ್ದವು. ಮೂಲೆಯಲ್ಲಿ ಒಂದು ತಟ್ಟೆ ಇಡುವಷ್ಟು ಮಾತ್ರ ಜಾಗ.

"ಬಾಲದಲ್ಲಿ ದೋಷ ಸಿಕ್ಕಿದ್ರೆ ಅವಳ ಕೈ ಸರಿ ಇತ್ತು ಅಂತ ಆಯ್ತು" ಎಂದರು. "ಸಿಗದಿದ್ರೆ, ಅವತ್ತೇ ಕಾಯಿಲೆ ಶುರುವಾಗಿತ್ತು, ನಾನು ಅದನ್ನ ತಮಾಷೆ ಮಾಡಿದೆ. ಡಾಕ್ಟರ ಹತ್ರ ಕರ್ಕೊಂಡು ಹೋಗೋದು ಬಿಟ್ಟು ಗಾದೆ ಹೇಳಿದೆ."

ಅಂದಿನಿಂದ ಶಾಲೆ ಬಿಟ್ಟ ಮೇಲೆ ಆಗಾಗ ಹೋಗಿ ಕೂರುತ್ತಿದ್ದೆ.

ಒಂದು ತಿಂಗಳು ಅವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಬಾಲಕ್ಕೆ ಶಕ್ತಿ ಒಯ್ಯುವ ಬೆಲ್ಟು ಸಡಿಲವಿರಲಿಲ್ಲ. ಪುಟ್ಟ ರೆಕ್ಕೆಯ ದಂಡ ಬಾಗಿರಲಿಲ್ಲ. ಗಾಜಿನ ಮೇಲೆ ಉರುಳಿಸಿ ನೋಡಿದರು. ಬೇರಿಂಗುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ರೆಕ್ಕೆಯನ್ನು ಎಳೆಯುವ ಕಡ್ಡಿಯಲ್ಲಿ ಕೂದಲೆಳೆಯಷ್ಟೂ ಆಟವಿರಲಿಲ್ಲ. ಪ್ರತಿ ಸಲ ಜೋಡಿಸಿ, ದೊಡ್ಡ ರೆಕ್ಕೆ ಕಳಚಿಟ್ಟು, ಮೋಟಾರು ಓಡಿಸಿ, ಬಾಲದ ಮೇಲೆ ಕಣ್ಣಿಟ್ಟು ಕೂರುತ್ತಿದ್ದರು. ಅದು ಕಲ್ಲಿನಂತೆ ನಿಂತಿರುತ್ತಿತ್ತು. ತಾನು ಮಾಡಿದ ಕೆಲಸ ಅಷ್ಟು ಅಚ್ಚುಕಟ್ಟಾಗಿದ್ದಕ್ಕೆ ಮನುಷ್ಯ ಅಷ್ಟು ಕುಗ್ಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಗೊಂದು ಸಂಜೆ, "ಸಾಕು, ಎತ್ತಿಡ್ತೀನಿ" ಎಂದರು. ಈ ಬ್ಯಾಟರಿಗಳನ್ನು ಪೂರ್ತಿ ಚಾರ್ಜು ಮಾಡಿ ಎತ್ತಿಡಬಾರದು, ಹಾಳಾಗುತ್ತವೆ. ಒಂದಿಷ್ಟು ಖರ್ಚಾಗಲಿ ಎಂದು, ಪೆಟ್ಟಿಗೆಗೆ ಹಾಕಲು ದೊಡ್ಡ ರೆಕ್ಕೆ ಕಳಚಿ, ಮೈ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳವನ್ನೂ ತೊಡಿಸಿ ಮುಗಿಸಿದ್ದ ಹೆಲಿಕಾಪ್ಟರಿನ ಮೋಟಾರನ್ನು ಹಾಗೆಯೇ ಓಡಲು ಬಿಟ್ಟು ಒಳಗೆ ಹೋಗಿ ಕೈ ತೊಳೆಯತೊಡಗಿದರು.

ಮೊದಲು ನೋಡಿದ್ದು ನಾನು. ಬಾಲದ ಪುಟ್ಟ ರೆಕ್ಕೆ ಯಾರೂ ಹೇಳದೆ ಮೆಲ್ಲಗೆ ಒಂದು ಪಕ್ಕಕ್ಕೆ ಓರೆಯಾಗುತ್ತಿತ್ತು. ಕರೆದೆ. ಅವರು ಒದ್ದೆ ಕೈಯಲ್ಲೇ ಬಂದು ಗಡಿಯಾರ ನೋಡಿದರು. ನಾಲ್ಕು ನಿಮಿಷ ದಾಟಿತ್ತು. ಮೋಟಾರು ನಿಲ್ಲಿಸಿ ಮುಚ್ಚಳ ತೆಗೆದು ಗೈರೋ ಮುಟ್ಟಿದರು. ಬಿಸಿಯಾಗಿತ್ತು.

ಆರಲು ಬಿಟ್ಟು ಮತ್ತೆ ಓಡಿಸಿದರು. ಮುಚ್ಚಳ ಇಲ್ಲದಿದ್ದರೆ ಬಾಲದ ರೆಕ್ಕೆ ಓರೆಯಾಗುತ್ತಿರಲಿಲ್ಲ. ಮುಚ್ಚಳ ಹಾಕಿದರೆ ನಾಲ್ಕನೇ ನಿಮಿಷಕ್ಕೆ ಸರಿಯಾಗಿ, ಬಾಲವನ್ನು ಎಡಕ್ಕೆ ಜಾರಿಸುವಂತೆ ಓರೆಯಾಗುತ್ತಿತ್ತು. ಮೋಟಾರಿಗೆ ಕರೆಂಟು ಹಂಚುವ ಪೆಟ್ಟಿಗೆ ಬಿಸಿಯೇರುತ್ತದೆ. ಅದಕ್ಕೆ ಅಂಟಿಕೊಂಡಿದ್ದ ಗೈರೋ, ಮುಚ್ಚಳದೊಳಗೆ ಆ ಶಾಖಕ್ಕೆ ಲೆಕ್ಕ ತಪ್ಪುತ್ತಿತ್ತು. ರಿಪೇರಿಯವರು ಯಾವಾಗಲೂ ಬಿಚ್ಚಿಟ್ಟೇ ನೋಡುತ್ತಾರೆ. ಹಾರುವುದು ಮಾತ್ರ ಮುಚ್ಚಿಕೊಂಡು.

"ಗೈರೋನ ಅಲ್ಲಿಗೆ ಸರಿಸಿದ್ದು ನಾನೇ" ಎಂದರು ಲಿಫ್ಟಣ್ಣ. "ವೈರು ನೀಟಾಗಿ ಕಾಣ್ಲಿ ಅಂತ. ಅದು ಬೀಳೋಕೆ ಎರಡು ವರ್ಷ ಮುಂಚೆ." ಅಂದರೆ ಎರಡು ವರ್ಷ, ಆರು ನಿಮಿಷದ ಪ್ರತಿ ಹಾರಾಟದ ಕೊನೆಯ ಎರಡು ನಿಮಿಷ, ಆ ಬಾಲವನ್ನು ಆಕೆ ಹೆಬ್ಬೆರಳಿನಲ್ಲೇ ಹಿಡಿದು ನಿಲ್ಲಿಸಿದ್ದರು. ಕೈ ತಪ್ಪಿದ್ದು ಒಂದೇ ಸಲ.

ಅವರು ತಕ್ಷಣ ಹೆಂಡತಿಯ ತಂಗಿಗೆ ಫೋನ್ ಮಾಡಿದರು. ದನಿಯಲ್ಲಿ ಹೆಚ್ಚುಕಮ್ಮಿ ಸಂತೋಷವಿತ್ತು. "ನಿಮ್ಮಕ್ಕನ ಕೈ ಸರಿಯಾಗೇ ಇತ್ತಮ್ಮ. ತಪ್ಪು ನಂದೇ."

"ಅದು ಅಕ್ಕಂಗೆ ಗೊತ್ತಿತ್ತು ಭಾವ" ಎಂದಿತು ಆ ಕಡೆಯ ದನಿ. "ಮುಚ್ಚಳ ಹಾಕಿದಾಗ್ಲೇ ಹಾಗಾಗುತ್ತೆ ಅಂತ ನನ್ನ ಹತ್ರ ಹೇಳಿದ್ಲು. ನಿಮ್ಮ ಹತ್ರ ಹೇಳು ಅಂದೆ. ಮತ್ತೆ ಎಲ್ಲರ ಮುಂದೆ ನಗ್ತಾರೆ, ಬೇಡ ಅಂದ್ಲು."

ಲಿಫ್ಟಣ್ಣ ಫೋನ್ ಕೆಳಗಿಟ್ಟರು. ಆ ಮನೆಯ ಎರಡನೆಯ ಕುರ್ಚಿಯಲ್ಲಿ, ಅಕ್ಕನ ಕುರ್ಚಿಯಲ್ಲಿ, ನಾನು ಕೂತಿರುವುದು ನನಗೇ ಸರಿ ಕಾಣದೆ ಎದ್ದು ಬಂದೆ.

ಮುಂದಿನ ಭಾನುವಾರ ಅವರು ಬರಿಗೈಲಿ ಮೈದಾನಕ್ಕೆ ಬಂದರು. ಎಲ್ಲರನ್ನೂ ಕರೆದು, "ಅವತ್ತು ಹೆಲಿಕಾಪ್ಟರ್ ಬಿದ್ದದ್ದು ನನ್ನ ತಪ್ಪಿಗೆ. ನನ್ನ ಹೆಂಡತಿ ಕೈ ಸರಿಯಾಗಿತ್ತು" ಎಂದರು.

ಎಲ್ಲರೂ ಮುಖ ಮುಖ ನೋಡಿಕೊಂಡರು. "ಯಾವತ್ತು ಬಿದ್ದಿದ್ದಣ್ಣ?" ಎಂದು ಔಷಧಿ ಅಂಗಡಿಯವನು ಕೇಳಿದ. ಅಂದು ಎಲ್ಲರಿಗಿಂತ ಜೋರಾಗಿ ನಕ್ಕಿದ್ದವನು ಅವನೇ. ಅಣಕಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಮರೆತಿದ್ದ. ಉಳಿದವರೂ ಅಷ್ಟೇ.

ಲಿಫ್ಟಣ್ಣ ನೆನಪಿಸಬೇಕಾಯಿತು. ಆಕೆ ಎಲ್ಲಿ ನಿಂತಿದ್ದರು, ಏನೆಂದರು, ತಾವು ಯಾವ ಗಾದೆ ಹೇಳಿದರು ಎಂಬುದನ್ನೆಲ್ಲ ಒಂದೂ ಬಿಡದೆ ಹೇಳಿದರು. ಗಾದೆ ಕೇಳಿದಾಗ ಒಂದಿಬ್ಬರು ಮತ್ತೆ ನಕ್ಕರು. ಅವರು ಆ ನಗು ಮುಗಿಯುವವರೆಗೂ ಕಾದು, ಮುಂದಿನದನ್ನು ಹೇಳಿದರು.