ಗೋಡೆಯಾಚೆಯ ಹಲವಾ

ಹೊಸಪೇಟೆ ಸ್ಟೇಷನ್ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಪಕ್ಕದ ಗಾರ್ಡ್ ಮನೆಗೂ ಒಂದೇ ಗೋಡೆ. ಗಾರ್ಡ್ ಗೋವಾ ಸೀಮೆಯವರು, ಅವರ ಹೆಂಡತಿ ಮಂಗಳೂರು ಕಡೆಯವರು. ನಮ್ಮದು ಲಿಂಗ ಕಟ್ಟಿದ ಮನೆತನ, ಮೀನಿನ ಹೆಸರೂ ಎತ್ತುತ್ತಿರಲಿಲ್ಲ. ನಾನಾಗ ಚೊಚ್ಚಲ ಬಸುರಿ. ಯುದ್ಧದ ಕಾಲ, ಸಕ್ಕರೆ ಸಿಗುವುದೇ ಕಷ್ಟ. ನನಗೋ ಸಿಹಿಯದೇ ಬಯಕೆ.

ಒಂದು ಬೆಳಿಗ್ಗೆ ಗೋಡೆಯಾಚೆ ಗಾರ್ಡ್ ದನಿ ಕೇಳಿತು. "ಈ ಸಲ ಒಳ್ಳೆ ಹಲವಾ ಸಿಕ್ಕಿತು ನೋಡು!"

ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಪಕ್ಕದ ಮನೆಯಲ್ಲಿ ನಾವು ನೀರೂ ಕುಡಿಯುತ್ತಿರಲಿಲ್ಲ. ಆದರೂ ತಡೆಯಲಾರದೆ ಅವರ ಅಡುಗೆಮನೆ ಬಾಗಿಲಿಗೆ ಹೋದೆ. ನೆಗಡಿಯಾಗಿ ಮೂಗು ಕಟ್ಟಿತ್ತು, ವಾಸನೆ ಒಂದೂ ತಿಳಿಯಲಿಲ್ಲ.

"ಅಕ್ಕಾರ, ಹಲವಾ ಬಂದೈತಂತಲ್ರಿ. ನನಗೊಂಚೂರು ಕೊಡ್ರಿ."

ಆಕೆ ಪಿಳಿಪಿಳಿ ನೋಡಿದರು. "ನಿಮಗಾ? ನೀವು ತಿನ್ತೀರಾ?"

"ಬಸುರಿ ಅದೀನಿ, ಇಲ್ಲ ಅನಬ್ಯಾಡ್ರಿ. ನಮ್ಮ ಅತ್ತಿಯವರಿಗೆ ಮಾತ್ರ ಹೇಳಬ್ಯಾಡ್ರಿ."

"ಇನ್ನೂ ಕಾಯಿಸಲಿಲ್ಲ ಮಾರಾಯ್ರೆ. ಉಪ್ಪು ಅರಿಶಿನ ಹಚ್ಚಿಟ್ಟಿದ್ದೇನೆ, ಅಷ್ಟೆ."

ಹಲವಾಕ್ಕೆ ಉಪ್ಪು ಯಾಕೆ ಅಂತ ಯೋಚಿಸುವ ಮೊದಲೇ ನನ್ನ ಕೈ ತಾಟಿನ ಮುಚ್ಚಳ ಎತ್ತಿತ್ತು.

ಕಪ್ಪು ತಲೆ. ಅದರಲ್ಲೊಂದು ಗುಂಡನೆಯ ಕಣ್ಣು, ನನ್ನನ್ನೇ ನೋಡುತ್ತಿತ್ತು.

ನಾನು ಚೀರಿದ್ದು ಪ್ಲಾಟ್‌ಫಾರ್ಮಿನ ತನಕ ಕೇಳಿತಂತೆ. ಹೊಸ್ತಿಲ ಮೇಲೆ ಕುಸಿದೆ. ಅತ್ತೆ ಒದ್ದೆ ಸೀರೆಯಲ್ಲೇ ಓಡಿ ಬಂದರು. "ಏನಾತವ್ವಾ? ಹೊಟ್ಟಿ ನೋವೇನು?"

ನಾನು ತಾಟಿನ ಕಡೆ ಕೈ ಮಾಡಿ "ಹಲವಾ" ಅಂದೆ. ಮೀನು ನೋಡಿ ಅವರೂ ಗರಬಡಿದಂತೆ ನಿಂತರು.

ಪಕ್ಕದಾಕೆ ಅಳುತ್ತ ಹೇಳಿದರು: "ನಮ್ಮೂರಲ್ಲಿ ಈ ಮೀನು ಬಿಳಿಯದೂ ಮಾಂಜಿ, ಕರಿಯದೂ ಮಾಂಜಿ. ಬಣ್ಣ ಬಿಟ್ಟರೆ ಎರಡೂ ಒಂದೇ ನಮೂನೆ. ನಮ್ಮವರ ಗೋವಾ ಕಡೆ ಬಿಳಿಯದಕ್ಕೆ ಪಾಪ್ಲೆಟ್, ಕರಿಯದಕ್ಕೆ ಹಲವಾ ಅಂತಾರೆ. ಮದುವೆಯಾದ ಹೊಸತರಲ್ಲಿ ನಾನೂ ಮಿಠಾಯಿ ಅಂತಲೇ ಕಾದು ಕೂತಿದ್ದೆ."

ಅತ್ತೆ ನನ್ನನ್ನು ಎಳೆದೊಯ್ದು ತಲೆ ಮೇಲೆ ನೀರು ಸುರಿದರು, ಹಣೆಗೆ ವಿಭೂತಿ ಹಚ್ಚಿದರು. ಬೈಗುಳಕ್ಕೆ ಕಾದೆ. ಬೈಯಲಿಲ್ಲ. "ಮೀನಿಗೆ ಯಾರರ ಹಂಗ ಹೆಸರಿಡ್ತಾರೇನು?" ಅಂತ ಒಲೆ ಮುಂದೆ ಒಬ್ಬರೇ ಕೇಳಿಕೊಳ್ಳುತ್ತಿದ್ದರು. ಮಧ್ಯಾಹ್ನ ನಮ್ಮಿಬ್ಬರಿಗೂ ತುತ್ತು ಇಳಿಯಲಿಲ್ಲ.

ಗೋಡೆಯಾಚೆ ಅಳು ನಿಂತಿರಲಿಲ್ಲ. ಸಂಜೆ ಅತ್ತೆಯೇ ಹಿತ್ತಲ ಬೇಲಿಯ ಹತ್ತಿರ ಹೋಗಿ ಆಕೆಯನ್ನು ಕರೆದರು.

"ಅಳಬ್ಯಾಡ್ರಿ, ನಿಮ್ಮದೇನೂ ತಪ್ಪಿಲ್ಲ. ನಿಮ್ಮ ಯಜಮಾನ್ರಿಗೆ ಅಷ್ಟು ಹೇಳ್ರಿ, ಇನ್ನ ಮ್ಯಾಲ ಅದನ್ನ ಮಾಂಜಿ ಅಂತ ಕರೀಲಿ."