ದ್ವೀಪದ ಚೆಕ್ಕುಬಂದಿ

ಮಿರ್ಚಿಯ ಎಣ್ಣೆ ತಾಗಿದಲ್ಲಿ ಪತ್ರಿಕೆಯ ನಕಾಶೆ ಗಾಜಿನಂತಾಗಿತ್ತು. ದೂರದ ಹಿಮದ ದ್ವೀಪವೊಂದನ್ನು ಒಂದು ದೊಡ್ಡ ದೇಶ ಕೊಳ್ಳಲು ಕೇಳಿದೆ ಎಂಬ ಸುದ್ದಿ. ಯಲಬುರ್ಗಾದ ನೋಂದಣಿ ಕಚೇರಿಯೆದುರಿನ ಚಹಾದಂಗಡಿಯಲ್ಲಿ ಬಸ್ಸಿಗೆ ಕಾಯುತ್ತ ಅದನ್ನು ಓದುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದ ಬೇವೂರಿನ ಹನುಮವ್ವ ಇಣುಕಿ ನೋಡಿದರು. ಬಹಳ ವರ್ಷ ಆಸೆಪಟ್ಟಿದ್ದ ಮೈದುನನ ಎರೆಹೊಲವನ್ನು ಕೊಳ್ಳಲು ಅವರು ಅಂದು ಬಂದಿದ್ದರು.

"ಅಲ್ಲಿ ಏನ್ ಬೆಳಿತೈತಿ ತಂಗಿ?"

"ಏನೂ ಇಲ್ರಿ. ಬರೀ ಬರ್ಫ."

"ಚೆಕ್ಕುಬಂದಿ ಏನೈತಿ?"

ಖರೀದಿ ಪತ್ರದಲ್ಲಿ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುತ್ತಾರಲ್ಲ, ಅದು.

"ನಾಲ್ಕೂ ಕಡೆ ಸಮುದ್ರರಿ."

"ಹಂಗಾರ ನಾಕೂ ಕಡಿ ದಾರಿನ ಐತಿ. ಅವರಿಗೆ ಬೇಕಾಗಿದ್ದು ಬರ್ಫ ಅಲ್ಲ ಬಿಡು."

ದೊಡ್ಡ ದೇಶಗಳು ಇಂಥ ದ್ವೀಪಗಳನ್ನು ಯಾಕೆ ಬಯಸುತ್ತವೆ ಎಂಬುದೇ ನನ್ನ ಸಂಶೋಧನೆಯ ವಿಷಯ. ಇಷ್ಟನ್ನು ಹೇಳಲು ನಾನು ಒಂದಿಡೀ ಅಧ್ಯಾಯ ಬರೆದಿದ್ದೆ.

ಆಮೇಲೆ ತಮ್ಮ ಕರಡು ಪತ್ರವನ್ನು ನನ್ನಿಂದ ಓದಿಸಿದರು. ಮೂರು ದಿಕ್ಕಿಗೆ ಬೇರೆಯವರ ಹೊಲ, ಮೂಡಣಕ್ಕೆ ಮೈದುನ ತನಗೆಂದು ಉಳಿಸಿಕೊಂಡ ಹೊಲ. ದಾರಿ ಎಲ್ಲೂ ಇರಲಿಲ್ಲ.

"ನನ್ನ ಹೊಲದಾಗ ಹಾದು ಹೋಗ್ರಿ ಅತ್ತಿಗಿ, ಯಾರು ಬ್ಯಾಡ ಅಂತಾರ?" ಎದುರಿಗೆ ಕೂತಿದ್ದ ಮೈದುನ ನಕ್ಕ.

"ನೀ ಅನ್ನಂಗಿಲ್ಲಪಾ. ನಾಳೆ ನಿನ್ನ ಮಕ್ಕಳು ಅಂದ್ರ ಹಾರಿ ಹೋಗ್ಲೇನು? ದಾರಿ ಬರಸು."

ಅವನು ಮಾತು ತಿರುಗಿಸಿ ಇನ್ನೊಂದು ಚಹಾ ಹೇಳಿದ.

"ಹಂಗಾರ ಹೊಲ ನಿನಗ ಇರ್ಲಿ," ಎಂದು ಹನುಮವ್ವ ಪತ್ರ ಮಡಚಿ ಚೀಲಕ್ಕೆ ಹಾಕಿ, ಉಳಿದ ಮಿರ್ಚಿಯನ್ನು ಅವನ ಕಡೆ ಸರಿಸಿದರು. ಆಮೇಲೆ ಕಚೇರಿಯ ಬಾಗಿಲನ್ನು ಒಮ್ಮೆ ನೋಡಿದರು.

ಮರುದಿನ ಬೆಳಿಗ್ಗೆ ಗಂಗಾವತಿಯ ಕಾಲೇಜಿನಲ್ಲಿ ನನ್ನ ಉಪನ್ಯಾಸವಿತ್ತು. ಬರೆದೊಯ್ದ ಹಾಳೆಗಳನ್ನು ಚೀಲದಲ್ಲೇ ಬಿಟ್ಟು, ಹಲಗೆಯ ಮೇಲೆ ಆ ದ್ವೀಪ ಬಿಡಿಸಿ, ಅದರ ಚೆಕ್ಕುಬಂದಿ ಬರೆಯಲು ಹುಡುಗಿಯೊಬ್ಬಳ ಕೈಗೆ ಸೀಮೆಸುಣ್ಣ ಕೊಟ್ಟೆ.